ತಾತ್ಪರ್ಯನ ಓದು

ಯಾವ ಮಾತನ್ನೇ ಆಡಲಿ, ‘ತಾತ್ಪರ್ಯ ಏನಪ್ಪಾ ಅಂದ್ರೆ’ ಎಂದು ಶುರುಮಾಡಿ, ಆ ತಾತ್ಪರ್ಯವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಸವಿಸ್ತಾರವಾಗಿ ನಿವೇದಿಸುವುದು ಅವನ ಪದ್ಧತಿ. ಹಾಗಾಗಿ ಕಾನೂನು ತರಗತಿಯಲ್ಲಿ ಅವನಿಗೆ ಅದೇ ಹೆಸರು ಬಿದ್ದಿತ್ತು. ತಲೆ ಒಂದು ಗೇಣು ಮುಂದೆ ಚಾಚಿದ ಅವಸರದ ನಡಿಗೆ. ಮೈಮೇಲೆ, ಬೆರಳ ತುದಿಯವರೆಗೂ ತೋಳು ಇಳಿಬಿದ್ದ ಬೂದುಬಣ್ಣದ ಕೋಟು. ಅವನ ಅಕ್ಕ ದರ್ಜಿ. ಅಳತೆ ಕೊಟ್ಟುಹೋದ ಗಿರಾಕಿ ಮರಳಿ ಬಾರದಿರಲು, ವರ್ಷ ಕಾದು, ಅದನ್ನು ತಮ್ಮನಿಗೆ ತೊಡಿಸಿದ್ದಳು.

ಓದುವ ವಿಧಾನಗಳಂತೂ ಅವನಿಗೆ ಕರತಲಾಮಲಕ. ಬೆಳಗಿನ ನಾಲ್ಕಕ್ಕೆ ಏಳು ಎಂದರು. ಎದ್ದ, ಹತ್ತು ಗಂಟೆಯ ತರಗತಿಯಲ್ಲಿ ಗೊರಕೆ ಹೊಡೆದ. ಹತ್ತು ಸಲ ಬರೆ ಎಂದರು. ಬರೆದ, ಕೈಗೆ ಬಾಯಿಪಾಠವಾಯಿತು, ತಲೆಗೆ ಸುದ್ದಿಯೇ ಮುಟ್ಟಲಿಲ್ಲ. ಕಡೆಗೆ ತರಗತಿಗೇ ಮೊದಲಿಗನಾದ ನನ್ನ ಪುಸ್ತಕವನ್ನು ಬೇಡಿ ಒಯ್ದು, ನಾನು ಪೆನ್ಸಿಲಿನಲ್ಲಿ ಗೆರೆ ಎಳೆದ ಸಾಲುಗಳನ್ನಷ್ಟೇ ಉರುಹೊಡೆದ. ಅವು ನನಗೆ ಅರ್ಥವಾಗದ, ಮೇಷ್ಟ್ರನ್ನು ಕೇಳಬೇಕೆಂದು ಗುರುತಿಟ್ಟ ಸಾಲುಗಳು.

“ನಿನ್ನ ಗೆರೆ ನಂಬಿ ಕೆಟ್ಟೆ ಕಣೋ” ಎಂದ, ಒಂದಿಷ್ಟೂ ಸಿಟ್ಟಿಲ್ಲದೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ಒಪ್ಪಂದ ಕಾನೂನಿನ ಪರೀಕ್ಷೆಯಲ್ಲಿ ಅದು ಅವನ ಎರಡನೆಯ ಸೋಲು. ಮೂರನೆಯದಾದರೆ ವಿಶ್ವವಿದ್ಯಾಲಯದ ಪಟ್ಟಿಯಿಂದಲೇ ಹೆಸರು ಹೊಡೆದುಹಾಕುತ್ತಿದ್ದರು. ಇವನು ಓದಲೆಂದು ಅಕ್ಕ ತನ್ನ ಶಾಲೆಯನ್ನು ಅರ್ಧಕ್ಕೇ ಬಿಟ್ಟು ಹೊಲಿಗೆಯಂತ್ರದ ಮುಂದೆ ಕುಳಿತವಳು.

ಪ್ರಾಯಶ್ಚಿತ್ತಕ್ಕೆಂದು ಒಂದು ಮಧ್ಯಾಹ್ನ ಪಾಠ ಹೇಳಲು ಅವರ ಮನೆಗೆ ಹೋದೆ. ಮುಂಕೋಣೆಯೇ ಅಂಗಡಿ. ನಾನು ವಿವರಿಸುತ್ತಿದ್ದೆ, ಅವನು ಎಷ್ಟು ಶ್ರದ್ಧೆಯಿಂದ ತಲೆಯಾಡಿಸುತ್ತಿದ್ದನೆಂದರೆ ಒಂದಕ್ಷರವೂ ಒಳಗೆ ಇಳಿಯುತ್ತಿಲ್ಲವೆಂಬುದು ಸ್ಪಷ್ಟವಾಯಿತು. ಆಗ ಅಕ್ಕ ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ತೆಗೆದು ಕೇಳಿದಳು:

“ಅಲ್ಲ ಕಣೋ, ಆ ಕೋಟಿನವನು ನಾಳೆ ಬಂದು ನನ್ನ ಕೋಟು ಕೊಡಮ್ಮ ಅಂದ್ರೆ ಏನು ಹೇಳ್ಲಿ?”

ತಾತ್ಪರ್ಯ ಮೆಲ್ಲಗೆ ಕೋಟಿನ ಗುಂಡಿಗಳನ್ನು ಬಿಚ್ಚತೊಡಗಿದ. ಎರಡು ವರ್ಷದಿಂದ ಪರರ ಸ್ವತ್ತನ್ನು ತೊಟ್ಟು ತಿರುಗಿದ್ದಾಯಿತಲ್ಲ ಎಂಬ ದಿಗಿಲಿನಲ್ಲಿ ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡ.

“ಒಪ್ಪಂದ ಆಗಿದೆ ಅಕ್ಕ.”

“ಕಾಗದ ಎಲ್ಲಿದೆ?”

“ಬಾಯಿಮಾತೂ ನಡೆಯುತ್ತೆ.”

“ಹಾಗಾದ್ರೆ ಅವನು ಮಾತಿಗೆ ತಪ್ಪಿದ್ದು ಲೆಕ್ಕಕ್ಕಿಲ್ವಾ?”

ಅವನು ಉತ್ತರ ಹುಡುಕುತ್ತ ಸರಸರನೆ ಹಾಳೆ ತಿರುವಿದ. ಮುಂದಿನ ಅಧ್ಯಾಯ ತೆರೆದ. ನನ್ನ ಅಗತ್ಯ ಅಲ್ಲಿಗೆ ಮುಗಿದಿತ್ತು. ಚಹಾ ಕುಡಿದು ಎದ್ದುಬಂದೆ.

ಅಂದಿನಿಂದ ದಿನವೂ ಅವಳು ಹೊಲಿಯುತ್ತ ಆಕ್ಷೇಪಿಸುವುದು, ಇವನು ಅವಳನ್ನು ಸೋಲಿಸಲೆಂದೇ ಓದುವುದು ನಡೆಯಿತು. ಸೋಲನ್ನು ಅವಳು ಸುಲಭಕ್ಕೆ ಒಪ್ಪುವ ಪೈಕಿಯವಳಲ್ಲ. ಹಾಗಾಗಿ ಅವನು ಅಡಿಟಿಪ್ಪಣಿಯನ್ನೂ ಬಿಡದೆ ಓದಬೇಕಾಯಿತು.

ಫಲಿತಾಂಶದ ದಿನ ನಾನೂ ಜೊತೆಗಿದ್ದೆ. ಅಕ್ಕ ತಿರುಗುತ್ತಿದ್ದ ಚಕ್ರವನ್ನು ಅಂಗೈಯಿಂದ ತಡೆದು ಕೇಳಿದಳು, “ನಮಗೆ ಎಷ್ಟು ಬಂತೋ?”

“ಐವತ್ತೊಂದು.”

“ಅಷ್ಟೇನಾ? ಆ ಕೊನೇ ಪಾಠ ನೀನು ನನಗೆ ಪೂರ್ತಿ ಹೇಳಲೇ ಇಲ್ಲ.” ಬೈಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಏಕಾಂತದಲ್ಲಿ ಕುಳಿತು ಓದುವ ನನ್ನಂಥವರನ್ನು ಲೋಕ ಬುದ್ಧಿವಂತರೆನ್ನುತ್ತದೆ. ಎದುರಿಗೊಬ್ಬರು ಒಪ್ಪದೆ ಕುಳಿತರೆ ಮಾತ್ರ ಬುದ್ಧಿ ಓಡುವ ಜನರೂ ಇದ್ದಾರೆ. ಅವರನ್ನು ದಡ್ಡರೆಂದು ಕರೆದು ನಾವು ನಿಶ್ಚಿಂತರಾಗುತ್ತೇವೆ. ಆದರೆ ನಾನು ಪಾಸಾದಾಗ ನಾನೊಬ್ಬನೇ ಪಾಸಾದೆ. ಅಂಥವರು ಪಾಸಾದ ಮನೆಯಲ್ಲಿ ಇಬ್ಬರು ಪಾಸಾಗಿರುತ್ತಾರೆ. ಅಂಕಪಟ್ಟಿಯಲ್ಲಿ ಒಂದೇ ಹೆಸರಿರುತ್ತದೆ.