ಬೆನ್ನು ಬಲ್ಲ ಅಕ್ಷರ

ಇದರಲ್ಲಿ ಜೋಳದ ಕಾಳಿನಷ್ಟೂ ಸುಳ್ಳಿಲ್ಲ. ಕೊರ್ಲಹಳ್ಳಿಯ ಹೊಳೆಯಲ್ಲಿ ಎದೆಮಟ್ಟ ನೀರಿಗಿಳಿದು ಹೇಳು ಎಂದರೆ ಇಳಿದೇ ಹೇಳುತ್ತೇನೆ, ಈಜು ಬಾರದಿದ್ದರೂ. ಎಂಬತ್ತೊಂದನೆಯ ಇಸವಿಯ ಒಂದು ಶುಕ್ರವಾರ, ಮಧ್ಯಾಹ್ನ ನಾಲ್ಕರ ಸುಮಾರಿಗೆ, ಮುಂಡರಗಿ ತಹಸೀಲ್ದಾರ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ತಾರಾಬಾಯಿ ಟೈಪ್ ಮಷಿನ್ನಿನಿಂದ ಮೂರನೆಯ ಹಾಳೆಯನ್ನು ಎಳೆದು ತೆಗೆದಳು. ಅದೂ ಮೊದಲಿನ ಎರಡರಂತೆಯೇ ಇತ್ತು. ಅಕ್ಷರಗಳೆಲ್ಲ ಕನ್ನಡದವೇ. ಅವು ಕೂಡಿ ಆಡಿದ ಮಾತು ಮಾತ್ರ ಈ ಲೋಕದ್ದಲ್ಲ.

"ಏನಂತ ಬಂತಬೇ ಯವ್ವಾ?" ಎದುರಿಗೆ ಕುಕ್ಕುರುಗಾಲಲ್ಲಿ ಕುಳಿತಿದ್ದ ಗದಿಗೆವ್ವ ಕೇಳಿದಳು. ಸತ್ತ ಗಂಡನ ಹೊಲ ತನ್ನ ಹೆಸರಿಗೆ ಆಗಬೇಕೆಂಬ ಅರ್ಜಿ ಅವಳದು.

"ತಡೀ, ಇನ್ನೊಮ್ಮೆ ಹೊಡೀತೇನಿ," ಎಂದಳು ತಾರಾಬಾಯಿ.

ಪಕ್ಕದ ಟೇಬಲ್ಲಿನಿಂದ ಚನ್ನಬಸವಣ್ಣ ಕತ್ತು ಚಾಚಿದ. ಇಪ್ಪತ್ತು ವರ್ಷದಿಂದ ಅಲ್ಲೇ ಕೈಬರಹದಲ್ಲಿ ಅರ್ಜಿ ಬರೆಯುವವನು, ಬಾಯಿಗೆ ಬೀಗವಿಲ್ಲದವನು.

"ಬಾಯಾರ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಯಜಮಾನ್ರು ರಾಯರು ಸತ್ತರೂ ಇನ್ನೂ ಕುರ್ಚಿ ಬಿಟ್ಟಿಲ್ಲ. ನೀವು ಅವರ ತೊಡಿ ಮ್ಯಾಲೆ ಕುಂತೀರಿ ನೋಡ್ರಿ!"

ಸುತ್ತ ನಿಂತವರು ನಗಬೇಕಿತ್ತು. ಯಾರೂ ನಗಲಿಲ್ಲ. ಒಬ್ಬ ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗೆ ಸರಿದು ನಿಂತ.

ಆ ಗಿಡದ ಕೆಳಗೆ ಒಂದು ರೂಢಿಯಿತ್ತು. ಟೈಪು ಮಾಡುವವನು ತೀರಿಕೊಂಡರೆ ಅವನ ಜಾಗವನ್ನು ಒಂದು ತಿಂಗಳು ಯಾರೂ ಮುಟ್ಟುವಂತಿಲ್ಲ. ಅಷ್ಟರೊಳಗೆ ಮನೆಯವರು ಯಾರಾದರೂ ಅಲ್ಲಿ ಕುಳಿತು ಒಂದು ಅರ್ಜಿಯನ್ನು ಸ್ವಚ್ಛವಾಗಿ ಹೊಡೆದು, ಕೆಳಗೆ ತಮ್ಮ ಸಹಿ ಮಾಡಿ, ಕಚೇರಿಯೊಳಗೆ ಕೊಟ್ಟು ಬಂದರೆ ಜಾಗ ಅವರದು. ಇಲ್ಲದಿದ್ದರೆ ಪಕ್ಕದವನದು. ತಾರಾಬಾಯಿಯ ಗಂಡ ಮಾರ್ತಾಂಡರಾಯರು ಹೋಗಿ ಇವತ್ತಿಗೆ ಸರಿಯಾಗಿ ತಿಂಗಳು. ಕಚೇರಿ ಐದಕ್ಕೆ ಮುಚ್ಚುತ್ತದೆ. ಪಕ್ಕದವನು ಚನ್ನಬಸವಣ್ಣ. ಅವನ ಕೊಡೆ ಆಗಲೇ ಅರ್ಧ ಈ ಟೇಬಲ್ಲಿನ ಮೇಲೆ ವಾಲಿತ್ತು.

ತಾರಾಬಾಯಿ ಬರಿಗೈಯಲ್ಲಿ ಬಂದವಳಲ್ಲ. ಮದುವೆಗೆ ಮುಂಚೆ ಗದಗಿನಲ್ಲಿ ಟೈಪಿಂಗ್ ಪರೀಕ್ಷೆ ಪಾಸಾದವಳು. ಹದಿಮೂರು ದಿನ ಕಳೆದ ಮೇಲೆ ತವರಿಗೆ ಹೋಗಿ, ಅದೇ ಹಳೆಯ ಕ್ಲಾಸಿನಲ್ಲಿ, ಅದೇ ಹಳೆಯ ಮಷಿನ್ನಿನ ಮೇಲೆ, ಗುಂಡಿ ಕಾಣದಂತೆ ಕೈಮೇಲೆ ಟವೆಲ್ ಹೊದಿಸಿಕೊಂಡು ಮತ್ತೆ ಬೆರಳು ಪಳಗಿಸಿದ್ದಳು. ನೆಗೆಣ್ಣಿ ಕಮಲಾಬಾಯಿ, "ಬೋಳು ಹಣಿ ಹೊತ್ತು ಬಜಾರದಾಗ ಕೂಡ್ತೀಯೇನ?" ಎಂದಾಗ, "ನಿಮ್ಮ ಮನ್ಯಾಗ ಮುಸುರಿ ತಿಕ್ಕೂದಕ್ಕಿಂತ ಬಜಾರ ಛಲೋ," ಎಂದು ಬಾಗಿಲು ದಾಟಿ ಬಂದಿದ್ದಳು. ತಿರುಗಿ ಹೋಗಲು ಆ ಬಾಗಿಲು ಈಗ ಇರಲಿಲ್ಲ.

ಗಂಡನ ಮಷಿನ್ನನ್ನು ಅವಳು ಮುಟ್ಟಿದ್ದು ಇವತ್ತೇ ಮೊದಲು. ಅದು ಯಾವತ್ತೂ ಮನೆಗೆ ಬಂದದ್ದಿಲ್ಲ, ರಾತ್ರಿ ಕಚೇರಿಯ ಕೋಣೆಯಲ್ಲೇ ಇರುತ್ತಿತ್ತು. ಗುಂಡಿಗಳ ಮೇಲಿನ ಅಕ್ಷರಗಳು ರಾಯರ ಬೆರಳಿಗೆ ಸವೆದು ಅಳಿಸಿಹೋಗಿದ್ದವು. ಒಂದೊಂದು ಗುಂಡಿಯಲ್ಲೂ ಸಣ್ಣ ತಗ್ಗು ಬಿದ್ದಿತ್ತು. ಆ ತಗ್ಗುಗಳಲ್ಲಿ ಬೆರಳಿಟ್ಟಾಗ, ಬಿಸಿಲಿನ ಹೊತ್ತಿನಲ್ಲೂ, ಅವು ತಣ್ಣಗಿದ್ದವು.

ಅವಳು ಮೂರು ಹಾಳೆಗಳನ್ನೂ ಸಾಲಾಗಿ ಇಟ್ಟು ನೋಡಿದಳು. 'ಮ' ಹೊಡೆದಲ್ಲೆಲ್ಲ 'ಗ' ಬಂದಿತ್ತು. ಮೂರರಲ್ಲೂ ಹಾಗೆಯೇ. 'ತ' ಇರಬೇಕಾದಲ್ಲಿ ತಪ್ಪದೆ 'ಸ'.

"ಚನ್ನಬಸವಣ್ಣಾರ, ದೆವ್ವಕ್ಕ ಇಷ್ಟು ಶಿಸ್ತು ಇರೂದಿಲ್ರಿ," ಎಂದಳು. "ಇದು ಬ್ಯಾರೆ ಕಂಪನೀದು. ಗುಂಡಿ ಜೋಡಿಸಿದ ಪದ್ಧತೀನ ಬ್ಯಾರೆ."

"ಆತ್ರಿ. ದೆವ್ವ ಅಲ್ಲ, ಕಂಪನಿ. ಆದ್ರ ಬೆರಳಿಗೆ ಯಾರು ತಿಳಿಸಿ ಹೇಳವ್ರು? ಆರು ತಿಂಗಳು ಬೇಕ್ರಿ. ಗಡಿಯಾರ ನಾಲ್ಕರ ಮ್ಯಾಲೆ ಐತಿ."

ಅವಳು ಒಂದೊಂದೇ ಗುಂಡಿ ಒತ್ತಿ, ಬಂದ ಅಕ್ಷರವನ್ನು ಚೀಟಿಯಲ್ಲಿ ಬರೆದುಕೊಂಡಳು. ಚೀಟಿ ನೋಡಿ ಹೊಡೆದಳು. ಒಂದು ಸಾಲಿಗೆ ಹತ್ತು ನಿಮಿಷ, ಅದರಲ್ಲೂ ಐದು ತಪ್ಪು. ಕಣ್ಣು ಹೇಳಿದ್ದನ್ನು ಬೆರಳು ಕೇಳಲೊಲ್ಲದು. ನಾಲ್ಕೂಕಾಲು. ನಾಲ್ಕೂವರೆ. ಗದಿಗೆವ್ವ ಕಚೇರಿಯ ಬಾಗಿಲ ಕಡೆ ನೋಡುತ್ತ ಸೆರಗಿನ ಗಂಟು ಬಿಚ್ಚಿ ಬಿಚ್ಚಿ ಕಟ್ಟಿದಳು.

ತಾರಾಬಾಯಿ ಕಣ್ಣು ಮುಚ್ಚಿದಳು. ಗಾಳಿಯಿರಲಿಲ್ಲ. ಆದರೂ ಸೆರಗಿನ ಕೆಳಗೆ, ಬೆನ್ನಿನ ಮೇಲೆ, ಏನೋ ಹರಿದಂತಾಯಿತು.

ಹದಿನಾಲ್ಕು ವರ್ಷ ಮಾರ್ತಾಂಡರಾಯರು ನಿದ್ದೆಯಲ್ಲೂ ಟೈಪು ಮಾಡಿದವರು. ಹತ್ತೂ ಬೆರಳನ್ನು ಅವಳ ಬೆನ್ನಿಗಿಟ್ಟು, "ಮಾನ್ಯ ತಹಸೀಲ್ದಾರ ಸಾಹೇಬರಿಗೆ" ಎಂದು ಗೊಣಗುತ್ತ, ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಕುಟ್ಟುತ್ತಿದ್ದರು. ಬೆಳಗ್ಗೆ ಅವಳು, "ರಾತ್ರಿ ಯಾರ ಹೊಲದ ಜಗಳಾನೋ!" ಎಂದು ಕಾಡಿಸುತ್ತಿದ್ದಳು.

ಈಗ ಬೆನ್ನಿನ ಎಡಕ್ಕೆ, ಮೇಲೆ, ಒಂದು ಏಟು ಬಿತ್ತು. ಅವಳ ಎಡಗೈ ಬೆರಳು ಮೇಲಕ್ಕೆ ಹೋಯಿತು. ಬಲಕ್ಕೆ ಎರಡು. ಬಲಗೈ ಹೋಯಿತು. ಆಮೇಲೆ ಸದ್ದು ಶುರುವಾಯಿತು ನೋಡಿ! ಆಲಿಕಲ್ಲು ತಗಡಿನ ಮೇಲೆ ಬಿದ್ದ ಹಾಗೆ. ಕಚೇರಿಯ ಜವಾನ ಬೀಡಿ ಬಿಸಾಡಿ ಹೊರಗೆ ಓಡಿ ಬಂದ. ಆ ವೇಗ ಅವನಿಗೆ ಗೊತ್ತಿತ್ತು. ಅದು ನಿಂತು ತಿಂಗಳಾಗಿತ್ತು.

ಐದಕ್ಕೆ ಆರು ನಿಮಿಷ ಇರುವಾಗ ಅರ್ಜಿ ಹೊರಬಂತು. ಒಂದು ಅಕ್ಷರವೂ ತಪ್ಪಿರಲಿಲ್ಲ. ಗದಿಗೆವ್ವ ಹೆಬ್ಬೆಟ್ಟು ಒತ್ತಿದಳು. ತಾರಾಬಾಯಿ ಪೆನ್ನು ತೆಗೆದು ಅದರ ಕೆಳಗೆ ಸಹಿ ಮಾಡಿದಳು. ಗದಿಗೆವ್ವ ಸೀರೆ ಎತ್ತಿಕಟ್ಟಿ ಕಚೇರಿಯ ಮೆಟ್ಟಿಲ ಕಡೆ ಓಡಲು ಎದ್ದಾಗ, ಚನ್ನಬಸವಣ್ಣ ಹಾಳೆಯನ್ನು ಒಂದು ಕ್ಷಣ ಹಿಡಿದು ನೋಡಿದ.

ಹಾಳೆಯನ್ನು ಗದಿಗೆವ್ವನ ಕೈಗಿಟ್ಟು, ಕೊಡೆ ಮಡಚಿ, ತನ್ನ ಟೇಬಲ್ಲನ್ನು ಎರಡು ಮಾರು ಹಿಂದಕ್ಕೆ ಎಳೆದುಕೊಂಡ.

"ಏನಾತ್ರಿ?" ಎಂದಳು ತಾರಾಬಾಯಿ.

"ಏನಿಲ್ರಿ ಬಾಯಾರ. ಇಪ್ಪತ್ತು ವರ್ಷ ಬಾಜೂಕ ಕುಂತೇನಿ. ರಾಯರ ಸಹಿ ನನಗ ಗುರ್ತ ಹತ್ತೂದಿಲ್ಲೇನ್ರಿ?"

ಅವಳು ತನ್ನ ಬಲಗೈಯನ್ನು ಮಗುಚಿ ನೋಡಿದಳು. ಪೆನ್ನು ಇನ್ನೂ ಅದರಲ್ಲೇ ಇತ್ತು. ಬಿಡಿಸಿಕೊಳ್ಳಲು ಎಡಗೈಯ ಸಹಾಯ ಬೇಕಾಯಿತು.

ಜಾಗ ಅವಳದಾಯಿತು. ಇವತ್ತಿಗೂ ಅಲ್ಲೇ ಕೂಡುತ್ತಾಳೆ. ನನ್ನದೂ ಒಂದು ಅರ್ಜಿ ಟೈಪು ಮಾಡಿಸುವುದಿದೆ. ಒಬ್ಬನೇ ಹೋಗಿ ಆ ಟೇಬಲ್ಲಿನ ಮುಂದೆ ನಿಲ್ಲುವ ಗುಂಡಿಗೆ ನನಗಿಲ್ಲ. ನಾಳೆ ಬೆಳಗಿನ ಬಸ್ಸಿಗೆ ನೀವೂ ಬರಬೇಕು. ಮುಂದೆ ನೀವೇ ನಿಲ್ಲಬೇಕು. ಇಬ್ಬರ ಟಿಕೇಟೂ ನಿಮ್ಮದೇ.