ಏಸಿ ಜಾಲರಿಯ ಕೆಳಗೆ ಧೂಪ

ಅರಬ್ ನಾಡಿನ ಅಲ್ ಐನ್‌ನ ಆ ಮನೆಯಲ್ಲಿ ಧೂಪ ಹಾಕುವ ಅಧಿಕಾರ ಮುದುಕಿ ಮೌಝಾಳದು. ಸೊಸೆ ಕೈ ಹಾಕಿದರೆ ಮುಗಿಯಿತು, ಮುಖ ಊದಿಸಿಕೊಂಡು ಕೂರುತ್ತಿದ್ದಳು. ಮೊದಲೆಲ್ಲ ಕೆಂಡದ ಬಟ್ಟಲು ಹಿಡಿದು ಕೋಣೆ ಕೋಣೆ ಸುತ್ತುತ್ತಿದ್ದಳು. ಮಂಡಿ ಕೈಕೊಟ್ಟ ಮೇಲೆ ಒಂದು ಉಪಾಯ ಮಾಡಿದಳು. ಹಜಾರದ ಗೋಡೆಯಲ್ಲಿ ಏಸಿ ಗಾಳಿಯನ್ನು ಒಳಗೆಳೆದುಕೊಳ್ಳುವ ಜಾಲರಿ ಇತ್ತಲ್ಲ, ಅದರ ಕೆಳಗೆ ಕುರ್ಚಿ ಹಾಕಿಕೊಂಡು, ಕೆಂಡದ ಮೇಲೆ ಅಗರಿನ ಚಕ್ಕೆ ಇಟ್ಟು ಬಟ್ಟಲನ್ನು ಎತ್ತಿ ಹಿಡಿದರಾಯಿತು. ಜಾಲರಿ ಹೊಗೆಯನ್ನೆಲ್ಲ ಗಟಗಟ ಕುಡಿದು ಮನೆಗೆಲ್ಲ ಹಂಚುತ್ತಿತ್ತು. ಊರಿನ ಅರ್ಧ ಮುದುಕಿಯರು ಮಾಡುವುದು ಇದನ್ನೇ, ಆದರೂ ಮೌಝಾಗೆ ಇದು ತನ್ನದೇ ತಲೆಯೆಂದು ಹೆಮ್ಮೆ.

ಮೊಮ್ಮಗಳು ಮೀಥಾಳಿಗೆ ಐದು ತುಂಬುವ ಹೊತ್ತಿಗೆ ಕೆಮ್ಮು ಹಿಡಿಯಿತು. ಮೂಗು ಸೋರುವುದು, ಕಣ್ಣು ಕೆಂಪಗಾಗುವುದು, ಮಲಗಿದರೆ ಎದೆಯಲ್ಲಿ ಸುಂಯ್ ಸುಂಯ್. ಡಾಕ್ಟರು ಧೂಳಿನ ಅಲರ್ಜಿ ಎಂದರು. ಮರಳುಗಾಳಿಗೆ ಬೈದದ್ದಾಯಿತು, ಜಮಖಾನೆ ಎತ್ತಿದ್ದಾಯಿತು, ಬೆಕ್ಕನ್ನೂ ಯಾರಿಗೋ ಕೊಟ್ಟದ್ದಾಯಿತು.

"ಬೆಕ್ಕು ಪಾಪ ಏನು ಮಾಡ್ತು? ಇದು ದೃಷ್ಟಿ!" ಎಂದಳು ಮೌಝಾ. "ಮದುವೆಮನೇಲಿ ಒಬ್ಬಳು ಕೂಸಿನ ಕೂದಲನ್ನೇ ನುಂಗೋ ಹಾಗೆ ನೋಡ್ತಾ ಕೂತಿದ್ಲಲ್ಲ, ಅವಳದ್ದೇ ಕಣ್ಣು."

ಅಂದಿನಿಂದ ಬೆಳಿಗ್ಗೆಗೊಂದು, ಸಂಜೆಗೊಂದು ಧೂಪ. ಮಗು ಹೆಚ್ಚು ಕೆಮ್ಮಿದರೆ ಅಗರೂ ಹೆಚ್ಚು. ಎತ್ತಿ ಹಿಡಿದ ಬಟ್ಟಲನ್ನು ಪ್ರಾರ್ಥನೆ ಮುಗಿಯುವವರೆಗೆ ಇಳಿಸುತ್ತಿರಲಿಲ್ಲ.

ಕೊನೆಗೆ ಮಗ ಸುಹೈಲ್ ಏಸಿಯ ಕೊಳವೆ ತೊಳೆಯುವವರನ್ನು ಕರೆಸಿದ. ಅವರು ಒಳಗಿನಿಂದ ಕೆರೆದು ತೆಗೆದದ್ದು ಬರೀ ಧೂಳಲ್ಲ. ಮರಳು, ಕೂದಲು, ಬೂಷ್ಟು, ಎಲ್ಲ ಕರಿ ಜಿಡ್ಡಿನಲ್ಲಿ ಅಂಟಿ ಮುದ್ದೆಯಾಗಿತ್ತು. ಸುಹೈಲ್ ಒಂದು ಚೂರನ್ನು ಕಾಗದದಲ್ಲಿ ಹಿಡಿದು ತಂದ.

"ಅಮ್ಮಾ, ಇದನ್ನ ಮೂಸು."

"ಥೂ, ಏನೋ ಅದು? ಸತ್ತ ಇಲಿಯೇನೋ?"

"ಮೂಸಮ್ಮ ಒಂದ್ಸಲ."

ಮೂಸಿದಳು. ಕೊಳೆಯ ನಾತದ ಅಡಿಯಲ್ಲಿ ತಾನೇ ಕಸ್ತೂರಿ, ಗುಲಾಬಿ ಸೇರಿಸಿ ಮಾಗಿಸಿದ ಅಗರಿನ ವಾಸನೆ. ಸೊಸೆ ಅಫ್ರಾ ಅಲ್ಲೇ ನಿಂತಿದ್ದಳು. ಮೌಝಾ ಅವಳತ್ತ ತಿರುಗಿದಳು.

"ಬೈಯೇ! ಬಾಯಲ್ಲಿ ಏನಿಟ್ಕೊಂಡಿದ್ದೀಯ?"

"ಏನಂತ ಬೈಲಿ ಅತ್ತೆ? ಅವಳು ಹುಷಾರಾಗ್ಲಿ ಅಂತ ತಾನೇ ಹಾಕಿದ್ರಿ."

ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಆ ದಾರಿಯೂ ಇಲ್ಲವಾಯಿತು.

ಧೂಪದ ಬಟ್ಟಲು ಮೌಝಾಳ ತಂಗಿಯ ಮನೆ ಸೇರಿತು. ಕೊಳವೆ ತೊಳೆದ ಮೇಲೆ ಮಗು ನೆಮ್ಮದಿಯಾಗಿ ನಿದ್ದೆ ಮಾಡಿತು, ಮನೆಯವರೂ ಮಾಡಿದರು. ಆದರೆ ಶುಕ್ರವಾರ ಊಟವಾದ ಮೇಲೆ ಮೀಥಾ "ಯದ್ದೂ" ಎಂದು ಅಜ್ಜಿಯ ತೊಡೆ ಹತ್ತಿ, ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು. ಸ್ವಲ್ಪ ಹೊತ್ತಿಗೆಲ್ಲ ಸುಂಯ್ ಶುರುವಾಯಿತು. ಅಫ್ರಾ ಔಷಧದ ಪಂಪು ಹಿಡಿದು ಓಡಿಬಂದು ಮಗುವನ್ನು ಎತ್ತಿಕೊಂಡಳು. ಎತ್ತಿಕೊಂಡಳು ಎಂದರೆ ಅಜ್ಜಿಯಿಂದ ಕಿತ್ತುಕೊಂಡಳು.

ಕೊಳವೆಯನ್ನೇನೋ ತೊಳೆಸಿದರು, ಜೀವಮಾನವೆಲ್ಲ ಹೊಗೆ ಕುಡಿದ ಮುದುಕಿಯನ್ನು ತೊಳೆಯುವುದು ಹೇಗೆ? ಮೌಝಾ ಬಟ್ಟೆಗಳನ್ನೆಲ್ಲ ಹಂಚಿ ಹೊಸದು ಹೊಲಿಸಿಕೊಂಡಳು. ವಾಸನೆಯಿಲ್ಲದ ಸೋಪಿನಲ್ಲಿ ಚರ್ಮ ಉರಿಯುವಂತೆ ಉಜ್ಜಿಕೊಂಡಳು. ಗಂಡ ಬದುಕಿದ್ದಾಗ ಮೆಚ್ಚುತ್ತಿದ್ದ ಜಡೆಯನ್ನೂ ಕತ್ತರಿಸಿದಳು. ಮಗು ಮತ್ತೆ ಬಂದು ಅಪ್ಪಿಕೊಂಡಿತು, ಮತ್ತೆ ಎದೆ ಕಟ್ಟಿತು. ಎದೆ ಅಷ್ಟು ಸೂಕ್ಷ್ಮವಾಗಿಬಿಟ್ಟಿದೆ, ದೊಡ್ಡವಳಾದಾಗ ಕಡಿಮೆಯಾದರೂ ಆಗಬಹುದು ಎಂದರು ಡಾಕ್ಟರು. ಅಲ್ಲಿಯವರೆಗೆ ತಾನಿರುತ್ತೇನೆಯೇ ಎಂದು ಮೌಝಾ ಕೇಳಲಿಲ್ಲ.

ಅಂಗಳದಾಚೆಯ ಅತಿಥಿ ಕೋಣೆಯಲ್ಲಿ ಅವಳೇ ಹಾಸಿಗೆ ಹಾಕಿಸಿಕೊಂಡಳು. ಮಗ ಬೇಡವೆಂದ. ಅಷ್ಟು ಜೋರಾಗಿ ಬೇಡವೆನ್ನಲಿಲ್ಲ ಎಂಬುದು ಅವಳಿಗೂ ಗೊತ್ತಾಯಿತು.

ಮರುದಿನ ಮಧ್ಯಾಹ್ನ ಉರಿಬಿಸಿಲಲ್ಲಿ ಮೀಥಾ ಬರಿಗಾಲಲ್ಲಿ ಅಂಗಳ ದಾಟಿ ಬಂದು ಗಾಜಿನ ಬಾಗಿಲು ಬಡಿದಳು.

"ಯದ್ದೂ, ಬಾಗಿಲು ತೆಗಿ! ನಾನು ಉಸಿರೇ ಆಡಲ್ಲ. ಸುಮ್ನೆ ನಿನ್ ತೊಡೆ ಮೇಲೆ ಕೂತ್ಕೋತೀನಿ ಅಷ್ಟೆ. ನೋಡು!"

ಕೆನ್ನೆ ಉಬ್ಬಿಸಿ, ಮೂಗು ಹಿಡಿದುಕೊಂಡು ನಿಂತಳು. ಕಾಲು ಸುಡುತ್ತಿತ್ತು, ಒಂದು ಕಾಲೆತ್ತಿ ಇನ್ನೊಂದು ಊರುತ್ತಿದ್ದಳು. ಮುಖ ಕೆಂಪೇರಿತು, ಆದರೂ ಮೂಗು ಬಿಡಲಿಲ್ಲ.

ಮೌಝಾ ಬಾಗಿಲವರೆಗೆ ಹೋದಳು. ಒಳಗಿನಿಂದ ಚಿಲಕ ಹಾಕಿದಳು. ಆಮೇಲೆ ಗಂಟಲು ಹರಿಯುವಂತೆ ಅಫ್ರಾಳ ಹೆಸರು ಹಿಡಿದು ಕೂಗಿದಳು, ಬಂದು ಮಗುವನ್ನು ಎತ್ತಿಕೊಂಡು ಹೋಗೆಂದು.