ಭಾಗೀರಥಿ ಕೂತ ಜಾಗ

ಆ ಬೆಳಿಗ್ಗೆ ಸಾಲಿಯೊಳಗಿಂದ ಮೂರನೇ ಸಲ ಚೀರಾಟ ಕೇಳಿದಾಗ ಜನಾಬಾಯಿ ತಲೆಯ ಮೇಲಿನ ಸೆಗಣಿಬುಟ್ಟಿ ಇಳಿಸಿ ನಿಂತಳು.

ಸಾಲಿ ಅಂದರೆ ಔರಾದ ಹಾದಿಯ ಹಳೇ ನಾಕಾ. ನಿಜಾಮನ ಕಾಲದಲ್ಲಿ ಸುಂಕ ಕಟ್ಟದ ಮಾಲು ಕೂಡಿಹಾಕುತ್ತಿದ್ದ ಕೋಣೆ. ಗಾಳಿಗೆ ಇದ್ದದ್ದು ಒಂದೇ ಕಿಟಕಿ. ಪೊಲೀಸ್ ಕಾರ್ಯಾಚರಣೆಯಾಗಿ ಮೂರನೇ ವರ್ಷ, ಈಗಲ್ಲಿ ಮಾಲಿನ ಬದಲು ನಲವತ್ತು ಮಕ್ಕಳು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಬೆವರುವ, ಚಿವುಟುವ, ಕಚ್ಚುವ ಎಳೇ ಮಕ್ಕಳು. ಜನಾಬಾಯಿಯ ಐದು ವರ್ಷದ ಮಗಳು ಭಾಗೀರಥಿ ಮಾತ್ರ ಹೊರಗೆ, ಕಿಟಕಿಯ ಕೆಳಗೆ, ಬೇವಿನ ಮರದಡಿ. ಹೊಲಗೇರಿಯ ಕೂಸು ಒಳಗೆ ಕೂತರೆ ಊರವರು ತಮ್ಮ ಮಕ್ಕಳನ್ನು ಕಳಿಸುವುದಿಲ್ಲವಂತೆ.

ಮನ್ಮಥಪ್ಪ ಮಾಸ್ತರು ತಮ್ಮ ಮಗ ಹಾವಗೆಪ್ಪನನ್ನೇ ದರದರ ಎಳೆದುಕೊಂಡು ಹೊರಬಂದರು.

"ಮನುಷ್ಯಾನ ಕೂಸೋ ನಾಯಿಮರಿಯೋ! ಇದು ಇವತ್ತು ಕಚ್ಚಿದ ಎರಡನೇ ಕಿವಿ!" ಜನಾಬಾಯಿಯನ್ನು ಕಂಡು ಅವರ ದನಿ ಇಳಿಯಿತು. "ನಿನ್ನ ಮಗಳ ನೋಡು, ಹ್ಯಾಂಗ ಗೊಂಬಿಯಂಗ ಕುಂತಾಳ. ಪುಣ್ಯವಂತಿ. ಗಾಳಿ ಅದ, ನೆಳ್ಳ ಅದ. ನಮ್ಮವು ಒಳಗ ಬೇಯ್ತಾವ."

ಜನಾಬಾಯಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು.

"ಹೌದೇನ್ರಿ ಮಾಸ್ತರ್ರ? ಹೋದ ವಾರ ಮಳಿ ಬಂದಾಗ ಈ ಪುಣ್ಯಾ ಎಲ್ಲಿ ಹೋಗಿತ್ತರಿ? ಪಾಟಿ ಮ್ಯಾಲಿನ ಅಕ್ಷರ ತೊಳಕೊಂಡು ಹೋದ್ವು. ಮೂರು ದಿನ ಜ್ವರಾ ಬಂತು."

"ನಾ ಏನ್ ಮಾಡ್ಲವ್ವಾ? ಊರು ಒಪ್ಪಬೇಕಲ್ಲ."

"ರಜಾಕಾರರು ಬಂದಾಗ ನಿಮ್ಮ ಮನಿಯವ್ರು ಇವನ್ನ ಎತ್ಕೊಂಡು ನನ್ನ ಗುಡಸಲದಾಗ ಎರಡು ದಿನ ಅಡಗಿದ್ರಲ್ರಿ, ಆವಾಗ ಊರನ್ನ ಕೇಳಿದ್ರೇನ್ರಿ? ಅಂಜಿಕಿಗೆ ಅವ್ರ ಹಾಲು ಬತ್ತಿತ್ತು, ಇವ ಅಳಬಾರದಂತ ನಾನೇ ಎದಿಗೆ ಹಾಕ್ಕೊಂಡಿದ್ದೆ. ನನ್ನ ಹಾಲು ಕುಡದಾಂವ ಒಳಗ, ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಹೊರಗ!"

ಅಷ್ಟರಲ್ಲಿ ಅಪ್ಪನ ಕೈಯಿಂದ ಜಾರಿಕೊಂಡ ಹಾವಗೆಪ್ಪ ಭಾಗೀರಥಿಯ ಪಕ್ಕ ಕೂತು ಬೇವಿನ ಬೀಜ ಸಾಲುಹಚ್ಚುತ್ತಿದ್ದ. ಕಚ್ಚುವ ಬಾಯಿ ಒಂದು, ಎರಡು ಎಣಿಸುತ್ತಿತ್ತು. ಮಾಸ್ತರು ಅದನ್ನೇ ನೋಡುತ್ತ ನಿಂತವರು ಒಳಗೆ ಹೋಗಿ ಕರಿಹಲಗೆ ಹೊತ್ತು ತಂದರು. ಹರಿದ ಚೀಲದಿಂದ ಜೋಳ ಸುರಿದಂತೆ ಮಕ್ಕಳೆಲ್ಲ ಹೊರಗೆ ಸುರಿದವು. ಯಾರೂ ಯಾರನ್ನೂ ಕಚ್ಚಲಿಲ್ಲ.

ಜನಾಬಾಯಿಯ ಸಿಟ್ಟು ಇಳಿಯಲಿಲ್ಲ. "ಇದಕ್ಕ ನಾ ಕುಣೀಬೇಕೇನ್ರಿ? ನಿಮ್ಮವಕ್ಕ ಗಾಳಿ ಸಿಕ್ತು. ಮಳಿ ಬಂದ್ರ ನನ್ನಾಕಿಗೆ ಏನ್ ಸಿಗ್ತದ?"

ಉತ್ತರ ಆಕಾಶದಿಂದಲೇ ಬಂತು. ಮಿರುಗದ ಮಳೆಯ ದಪ್ಪ ಹನಿಗಳು ಬೀಳತೊಡಗಿದ್ದೇ ಮಕ್ಕಳು ಹೋ ಎಂದು ಒಳಗೋಡಿದವು. ಭಾಗೀರಥಿ ಅಲುಗಲಿಲ್ಲ. ಪಾಟಿಯನ್ನು ಲಂಗದಡಿ ಮುಚ್ಚಿಕೊಂಡು, ತಲೆ ಬಗ್ಗಿಸಿ, ಕೂತೇ ಇದ್ದಳು. ಯಾರೂ ಹಾಗೆ ಹೇಳಿರಲಿಲ್ಲ. ಕೂತ ಜಾಗವೇ ಕಲಿಸಿತ್ತು.

ಇದನ್ನೇ ಏನು ಇವರು ಗೊಂಬಿಯಂಗ ಕುಂತಾಳ ಅಂದದ್ದು? ಜನಾಬಾಯಿ ಅಂದುಕೊಂಡಳು.

ಬಾಗಿಲಲ್ಲಿದ್ದ ಮಾಸ್ತರಿಗೂ ಅದು ಕಂಡಿತು. ಅವರು ಮಳೆಗಿಳಿದು ಬಂದು ಕೂಸಿನ ಕೈ ಹಿಡಿದರು. "ಏಳವ್ವಾ, ಒಳಗ ನಡಿ."

"ಊರವ್ರು ಕೇಳಿದ್ರ?" ಜನಾಬಾಯಿ ಬಿಡಲಿಲ್ಲ.

"ಕೇಳ್ಲಿ. ಎರಡು ದಿನ ನನ್ನ ಹೆಂಡ್ತಿ-ಮಗ ಎಲ್ಲಿ ಅಡಗಿದ್ರು ಅಂತ ಹೇಳ್ತೇನಿ."

ಹೊಸ್ತಿಲಲ್ಲಿ ಭಾಗೀರಥಿ ಅವ್ವನ ಕಡೆ ತಿರುಗಿದಳು. ಜನಾಬಾಯಿ ಗದ್ದವನ್ನಷ್ಟೇ ಎತ್ತಿದಳು, ನಡಿ ಎಂಬಂತೆ.

ಮಳೆಯಲ್ಲಿ ನೆನೆಯುತ್ತ ಅವಳು ಕಿಟಕಿಯ ಕೆಳಗೇ ನಿಂತಳು. ಒಳಗೆ ನೂಕಾಟ. "ಸರಿ ಆ ಕಡಿ!" ಅದು ಹಾವಗೆಪ್ಪನ ದನಿ. ಆಮೇಲೆ ಆ ಸಾಲಿಯಲ್ಲಿ ಯಾರೂ ಕೇಳಿರದ ಒಂದು ದನಿ ಸೂರು ಹಾರುವಂತೆ ಚೀರಿತು:

"ನೀನೇ ಸರಿ! ಇದು ನನ್ನ ಜಾಗ!"

ಜನಾಬಾಯಿ ನೆನೆದ ಬುಟ್ಟಿಯನ್ನು ತಲೆಗೇರಿಸಿ ಮನೆಯ ದಾರಿ ಹಿಡಿದಳು.